ಬೀಗದ ಕೈ: ಬಂದೂಕಿನ ತಿಜೋರಿ, ಅದರ ಕೀ

ಈ ಸಲ ಬಂದ ಪತ್ರಗಳಲ್ಲಿ ಏಳು ಪತ್ರ ಬಂದೂಕು ಇಡುವ ತಿಜೋರಿ ಬಗ್ಗೆಯೇ ಇವೆ. ಯಾರ ಹೆಸರನ್ನೂ ಹಾಕಿಲ್ಲ. ಮನೆಯಲ್ಲಿ ಬಂದೂಕಿದೆ, ಇಂಥ ಊರು, ಇಂಥ ಬೀದಿ ಅಂತ ಅಚ್ಚು ಹಾಕಿಸಿಕೊಂಡ ಮೇಲೆ ತಿಜೋರಿ ಇಟ್ಟು ಏನು ಪ್ರಯೋಜನ, ಅಲ್ವಾ?

ನಾನು ದಾವಣಗೆರೆ ಮಂಡಿಪೇಟೆ ಕಡೆ ಮೂವತ್ತೆಂಟು ವರ್ಷ ತಿಜೋರಿ ರಿಪೇರಿ ಮಾಡಿದವನು, ಸಾಗಿಸಿದವನು. ಬಂದೂಕು ಹೊಡೆದವನಲ್ಲ. ನನಗೆ ಗೊತ್ತಿರುವುದು ಪೆಟ್ಟಿಗೆ. ಕಾನೂನಿನ ಮಾತು ಬಂದ ಕಡೆ, ಗಿರಾಕಿಗಳ ಜೊತೆ ಡಿ.ಸಿ. ಕಚೇರಿಗೆ ಓಡಾಡಿ ಕಲಿತಷ್ಟನ್ನು ಹೇಳುತ್ತೇನೆ.

ಅಪ್ಪ ತೀರಿಕೊಂಡು ಎರಡು ತಿಂಗಳಾಯಿತು. ತೋಟಕ್ಕೆ ಹಂದಿ ಕಾಟ ಅಂತ ಅವರು ಲೈಸೆನ್ಸ್ ಮಾಡಿಸಿ ತಂದ ಜೋಡಿ ನಳಿಕೆಯ ಕೋವಿ ಅಜ್ಜನ ಕಾಲದ ತಿಜೋರಿಯಲ್ಲಿದೆ. ತಿಜೋರಿ 3 ಅಡಿ ಎತ್ತರ, 2 ಅಡಿ ಅಗಲ, 2 ಅಡಿ ಆಳ. ದಾವಣಗೆರೆಯಲ್ಲಿ ಹೊಸ ಮನೆ ಕಟ್ಟಿಸಿದ್ದೇವೆ. ಮೇಲಿನ ಮಹಡಿಯ ಬೆಡ್‌ರೂಮಿನಲ್ಲಿ ಇಡಬೇಕೆಂದಿದ್ದೇನೆ. ಕೋವಿ ಸಮೇತ ಸಾಗಿಸಬಹುದೇ? ಎಷ್ಟು ಜನ ಬೇಕು?
— ಅಡಿಕೆ ಬೆಳೆಗಾರರು, ಚನ್ನಗಿರಿ ತಾಲ್ಲೂಕು

ಯಜಮಾನ್ರೇ, ತಿಜೋರಿ ಮಾತು ಆಮೇಲೆ. ಮೊದಲು ಕೋವಿ ಹೊರಗೆ ಬರಬೇಕು, ಅದೂ ನಿಮ್ಮ ಹೊಸ ಮನೆಗಲ್ಲ, ಪೊಲೀಸ್ ಠಾಣೆಗೆ.

ಲೈಸೆನ್ಸ್ ಇದ್ದದ್ದು ಅಪ್ಪನ ಹೆಸರಿಗೆ. ಅವರು ಹೋದ ದಿನವೇ ಆ ಲೈಸೆನ್ಸಿನ ಕೆಲಸ ಮುಗಿಯಿತು. ಈಗ ಅದು ನಿಮ್ಮ ಮನೆಯಲ್ಲಿ ಲೈಸೆನ್ಸ್ ಇಲ್ಲದೆ ಇರುವ ಕೋವಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ, ತಡ ಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲೋ ಇಡಬೇಕು. ಕಾಡತೂಸುಗಳನ್ನೂ ಎಣಿಸಿ ಕೊಡಿ. ನೀವೇ ಹೆಗಲಿಗೆ ಹಾಕಿಕೊಂಡು ಹೊರಡಬೇಡಿ. ಠಾಣೆಗೆ ಫೋನ್ ಮಾಡಿ ವಿಷಯ ಹೇಳಿ, ಅವರು ಹೇಳಿದ ಹಾಗೆ ಮಾಡಿ. ರಸೀದಿ ಕೇಳಿ ತೆಗೆದುಕೊಳ್ಳಿ. ಆಮೇಲೆ ಮರಣ ಪತ್ರ, ಅಣ್ಣತಮ್ಮಂದಿರ ಒಪ್ಪಿಗೆ ಪತ್ರ ಎಲ್ಲ ಜೋಡಿಸಿ, ನಿಮ್ಮ ಹೆಸರಿಗೆ ಲೈಸೆನ್ಸ್ ಕೊಡಿ ಅಂತ ಡಿ.ಸಿ. ಕಚೇರಿಗೆ ಅರ್ಜಿ ಹಾಕಿ. ನಿಮ್ಮ ಹೆಸರಿನಲ್ಲಿ ಬೇರೆ ಬಂದೂಕುಗಳಿದ್ದರೆ ಒಂದು ಮಾತು ನೆನಪಿರಲಿ. ಮೊದಲು ಒಬ್ಬರಿಗೆ ಮೂರರ ತನಕ ಅವಕಾಶವಿತ್ತು. 2019ರ ತಿದ್ದುಪಡಿಯ ಮೇಲೆ ಎರಡೇ.

ಎರಡು ತಿಂಗಳು ಆಗಿಹೋಗಿದೆ ಅಂತ ಹೆದರಿ ಇನ್ನೂ ಎರಡು ತಿಂಗಳು ಸುಮ್ನೆ ಕೂರಬೇಡಿ. ನಾಳೆಯೇ ಹೋಗಿ.

ಈಗ ತಿಜೋರಿ. ಮಹಡಿ ಬೇಡ. ಯಾಕೆ ಅನ್ನುವುದನ್ನು ಲೆಕ್ಕ ಹಾಕಿಯೇ ಹೇಳುತ್ತೇನೆ. ಒಂದು ಚದರ ಅಡಿ ಉಕ್ಕಿನ ತಗಡು 1 ಮಿಲಿಮೀಟರ್ ದಪ್ಪ ಇದ್ದರೆ 730 ಗ್ರಾಂ ತೂಗುತ್ತದೆ. ನಿಮ್ಮ ತಿಜೋರಿಯ ಆರು ಮೈ ಸೇರಿ 32 ಚದರ ಅಡಿ. 6 ಮಿ.ಮೀ. ತಗಡು ಅಂತ ಹಿಡಿದರೆ ಹೊರಗಿನ ಚಿಪ್ಪೇ 140 ಕೆ.ಜಿ. ಒಳಗೆ ಇನ್ನೊಂದು ಚಿಪ್ಪು ಇರುತ್ತದೆ. ಎರಡರ ನಡುವೆ ಬೆಂಕಿ ತಡೆಯಲು ತುಂಬಿದ ಗಾರೆಯಂಥ ಮಾಲು ಇರುತ್ತದೆ. ಬಾಗಿಲು ಎಲ್ಲಕ್ಕಿಂತ ದಪ್ಪ. 400 ಕೆ.ಜಿ. ಅಂದರೆ ಜಾಸ್ತಿ ಹೇಳಿದ ಹಾಗಲ್ಲ. ಮನೆಯ ಮಹಡಿಯನ್ನು ಒಂದು ಚದರ ಮೀಟರಿಗೆ ಸುಮಾರು 200 ಕೆ.ಜಿ. ಓಡಾಟದ ಭಾರ ಅಂತ ಲೆಕ್ಕ ಹಿಡಿದು ಕಟ್ಟುತ್ತಾರೆ. ನಿಮ್ಮ ತಿಜೋರಿ ಕೂರುವ ಜಾಗ ಅರ್ಧ ಚದರ ಮೀಟರ್ ಕೂಡ ಇಲ್ಲ. ಅಷ್ಟು ಜಾಗದ ಮೇಲೆ ಬೀಳುವ ಭಾರ ಆ ಲೆಕ್ಕದ ಐದು ಪಟ್ಟು. ಆ 200 ಇಡೀ ಕೋಣೆಗೆ ಹರಡಿದ ಲೆಕ್ಕ, ಹಾಗಾಗಿ ಇಟ್ಟ ತಕ್ಷಣ ಕುಸಿಯುತ್ತದೆ ಅಂತಲ್ಲ. ಆದರೆ ಇಡಲೇಬೇಕು ಅನ್ನುವ ಹಟವಿದ್ದರೆ, ಮನೆ ಕಟ್ಟಿಸಿದ ಎಂಜಿನಿಯರನ್ನು ಕರೆಸಿ, ತೊಲೆ ಎಲ್ಲಿ ಹಾದುಹೋಗಿದೆ ಅಂತ ಕೇಳಿ, ಗೋಡೆಗೆ ಒರಗಿಸಿ ಇಡಿ. ನನ್ನ ಮಾತು ಕೇಳುವುದಾದರೆ ಕೆಳಗಿನ ಮನೆಯಲ್ಲೇ ಇರಲಿ.

ಮೆಟ್ಟಿಲ ಬಗ್ಗೆ ನನಗೆ ಇನ್ನೊಂದು ಕಾರಣವೂ ಇದೆ. ನನ್ನ ಎಡಗಾಲಿನ ಹೆಬ್ಬೆರಳಿಗೆ ಉಗುರಿಲ್ಲ. ಮೂವತ್ತು ವರ್ಷದ ಹಿಂದೆ ಒಬ್ಬ ವ್ಯಾಪಾರಿಯ ಹಳೇ ಮನೆಯಲ್ಲಿ ತಿಜೋರಿಯನ್ನು ಮಹಡಿಗೆ ಎಳೆಯುತ್ತಿದ್ದೆವು. ತೆಂಗಿನ ನಾರಿನ ಹಗ್ಗ, ನೋಡಲು ಹೊಸದು. ಏಳನೇ ಮೆಟ್ಟಿಲಲ್ಲಿ ಕಿತ್ತಿತು. ತಿಜೋರಿ ಮೂರು ಮೆಟ್ಟಿಲು ಕೆಳಗೆ ಜಾರಿ ಗೋಡೆಗೆ ಸಿಕ್ಕಿಕೊಂಡು ನಿಂತಿತು. ಯಾರೂ ಕೆಳಗೆ ಇರಲಿಲ್ಲ, ನನ್ನ ಕಾಲೊಂದು ಬಿಟ್ಟು. ಅವತ್ತಿನಿಂದ ನನ್ನ ಕೆಲಸದಲ್ಲಿ ಭಾರದ ಕೆಳಗಡೆ ಆಳು ನಿಲ್ಲಿಸಿದ್ದಿಲ್ಲ.

ನೆಲದ ಮೇಲೆ ಸಾಗಿಸಲು ನಾಲ್ಕು ಜನ ಸಾಕು, ಆದರೆ ಎತ್ತಲು ಹೋಗಬಾರದು, ಉರುಳಿಸಬೇಕು. ಒಂದಿಂಚಿನ ಕಬ್ಬಿಣದ ಪೈಪು ನಾಲ್ಕು ತುಂಡು ತನ್ನಿ, ತಿಜೋರಿಯ ಅಗಲಕ್ಕಿಂತ ಅರ್ಧ ಅಡಿ ಉದ್ದ ಇರಲಿ. ಹಾರೆಯಿಂದ ಒಂದು ಕಡೆ ಮೀಟಿ, ಮರದ ತುಂಡು ಕೊಟ್ಟು, ಪೈಪು ತೂರಿಸಿ. ಮುಂದಕ್ಕೆ ತಳ್ಳಿದ ಹಾಗೆ ಹಿಂದೆ ಬಿಟ್ಟುಕೊಂಡ ಪೈಪನ್ನು ಮುಂದೆ ತಂದು ಹಾಕುತ್ತಾ ಹೋಗಿ. ಹೊಸ ಮನೆಯ ಟೈಲ್ಸ್ ಮೇಲೆ ಪ್ಲೈವುಡ್ ಹಾಸದೆ ಪೈಪು ಉರುಳಿಸಬೇಡಿ, ಬಿರುಕು ಬಿಡುತ್ತದೆ. ಊರಿನ ಮನೆಯ ಹೊಸಿಲಿಗೆ ಎರಡೂ ಕಡೆ ಹಲಗೆ ಇಳಿಜಾರು ಮಾಡಿ ದಾಟಿಸಿ. ಪೂಜೆ ಮಾಡುವ ಹೊಸಿಲು ಅದು, ತಿಜೋರಿಯ ಮೂಲೆ ತಾಗಿ ಸಿಪ್ಪೆ ಎದ್ದರೆ ಮನೆಯ ಹಿರಿಯರು ನಿಮ್ಮನ್ನು ಮಾತಾಡಿಸಲ್ಲ.

ಬಾಗಿಲು ತೆರೆದಿಟ್ಟು ಒಂದಿಂಚೂ ಸರಿಸಬೇಡಿ. ಖಾಲಿ ತಿಜೋರಿಯಲ್ಲಿ ಭಾರದ ದೊಡ್ಡ ಪಾಲು ಬಾಗಿಲಲ್ಲೇ ಇರುತ್ತದೆ. ತೆರೆದ ಬಾಗಿಲು ಇಡೀ ಪೆಟ್ಟಿಗೆಯನ್ನು ಮುಂದಕ್ಕೆ ಬೀಳಿಸುತ್ತದೆ. ಹಳೇ ತಿಜೋರಿಗಳಲ್ಲಿ ಕೆಲವಕ್ಕೆ ಬಾಗಿಲನ್ನು ಕೀಲಿನಿಂದ ಮೇಲಕ್ಕೆತ್ತಿ ಬಿಡಿಸಬಹುದು. ಹಾಗಿದ್ದರೆ ಬಿಡಿಸಿ ಬೇರೆ ಸಾಗಿಸಿ. ಇಲ್ಲದಿದ್ದರೆ ಬೀಗ ಹಾಕಿ, ಕೀ ನಿಮ್ಮ ಜೇಬಿನಲ್ಲಿರಲಿ. ಗಾಡಿಯಲ್ಲಿ ಡ್ರೈವರ್ ಬೆನ್ನಿಗೆ ಒತ್ತಿ, ನಿಲ್ಲಿಸಿಯೇ ಕಟ್ಟಿ. ಎರಡು ಕಡೆಯಿಂದ ಹಗ್ಗ ಇರಲಿ. ನೈಲಾನ್ ಹಗ್ಗ!

ಕೋವಿ ನಿಮ್ಮ ಹೆಸರಿಗೆ ಬಂದ ಮೇಲೆ, 3 ಅಡಿ ಪೆಟ್ಟಿಗೆಯಲ್ಲಿ 4 ಅಡಿ ಕೋವಿ ಹೇಗೆ ಅನ್ನುವ ಪ್ರಶ್ನೆ ನಿಮಗಿಲ್ಲ, ಅಪ್ಪ ಇಟ್ಟ ಹಾಗೆಯೇ ಇಡಿ. ಮಡಚುವ ಜೋಡಿ ನಳಿಕೆ ಒಂದು ನಿಮಿಷದಲ್ಲಿ ಮೂರು ತುಂಡಾಗುತ್ತದೆ: ನಳಿಕೆ, ಮುಂಗೈ ಹಿಡಿಯುವ ಮರ, ಹಿಂದಿನ ದಿಂಡು. ಬಿಡಿಸಿಟ್ಟ ಕೋವಿ ಕಳ್ಳನಿಗೂ ಕಷ್ಟ, ಮಕ್ಕಳಿಗೂ ಕಷ್ಟ.

ನಮ್ಮ ಯಜಮಾನರು ಮಿಲಿಟರಿಯಿಂದ ರಿಟೈರ್ ಆಗಿ ಈಗ ಬ್ಯಾಂಕಿನಲ್ಲಿ ಗನ್‌ಮ್ಯಾನ್. ಸ್ವಂತ ಬಂದೂಕು. ತಿಜೋರಿ ಇದೆ. ಆದರೂ ನಳಿಕೆಯ ಮೇಲೆ ಕೆಂಪು ತುಕ್ಕು ಚುಕ್ಕೆ ಬರುತ್ತಿದೆ. ಚಿತ್ರದುರ್ಗದಲ್ಲಿ ಮಳೆಯೇ ಕಡಿಮೆ, ಆದರೂ ಯಾಕೆ? ಇನ್ನೊಂದು: ಮಗನಿಗೆ ಹತ್ತು ವರ್ಷ. ತಿಜೋರಿ ಕೀ ದೇವರ ಫೋಟೋ ಹಿಂದೆ ಇರುತ್ತದೆ. ಇವರು "ಅವನಿಗೇನು ಗೊತ್ತು" ಅನ್ನುತ್ತಾರೆ. ನನಗೆ ಸಮಾಧಾನವಿಲ್ಲ.
— ಗೃಹಿಣಿ, ಚಿತ್ರದುರ್ಗ

ತಂಗೀ, ನೀನು ಎರಡನೆಯದಾಗಿ ಕೇಳಿದ್ದಕ್ಕೆ ಮೊದಲು ಉತ್ತರ. ಅವನಿಗೆ ಗೊತ್ತು.

ಕೀ ಕಳೆದುಕೊಂಡವರ ಮನೆಗೆ ತಿಜೋರಿ ತೆಗೆಯಲು ಹೋದಾಗ ನಾನು ಬೀಗ ಮುಟ್ಟುವ ಮೊದಲು ಮನೆಯ ಮಕ್ಕಳನ್ನು ಕೇಳುತ್ತಿದ್ದೆ. ಎಷ್ಟೋ ಸಲ ನನ್ನ ಕೆಲಸ ಅಲ್ಲಿಗೇ ಮುಗಿದಿದೆ. ದೇವರ ಫೋಟೋ ಹಿಂದೆ, ಗಡಿಯಾರದ ಹಿಂದೆ, ಅಕ್ಕಿ ಡಬ್ಬದ ತಳದಲ್ಲಿ, ಹಾಸಿಗೆ ಕೆಳಗೆ. ದೊಡ್ಡವರು ಬಚ್ಚಿಡುವ ಜಾಗ ಇಷ್ಟೇ. ಮಕ್ಕಳಿಗೆ ಇಡೀ ಮನೆ ಆಟದ ಮೈದಾನ. ನನ್ನ ಮಾತನ್ನೇ ಹೇಳುತ್ತೇನೆ. ನಮ್ಮ ಮನೆಯ ನಂಬರ್ ತಿಜೋರಿಯನ್ನು ನನ್ನ ಏಳು ವರ್ಷದ ಮೊಮ್ಮಗ ತೆಗೆದು, ಒಳಗಿಟ್ಟಿದ್ದ ಚಾಕಲೇಟು ತಿಂದು, ಸಿಪ್ಪೆಯನ್ನು ಒಳಗೇ ಹಾಕಿ ಮುಚ್ಚಿದ್ದ. "ತಾತಾ, ಅದು ನಿನ್ನ ಸ್ಕೂಟರ್ ನಂಬರ್ ಅಲ್ವಾ" ಅಂದ. ಮೂವತ್ತೆಂಟು ವರ್ಷದ ಅನುಭವಸ್ಥ ನಾನು.

ಯಜಮಾನರಿಗೆ ಹೀಗೆ ಹೇಳು. ಕೀ ಅವರ ಮೈಮೇಲೆ ಇರಬೇಕು, ಸೊಂಟದ ದಾರಕ್ಕೋ ಬೈಕಿನ ಕೀ ಗೊಂಚಲಿಗೋ ಕಟ್ಟಿ. ಸ್ನಾನಕ್ಕೆ ಹೋದರೂ ಜೊತೆಗೆ ಹೋಗಲಿ. ಕಾಡತೂಸು ಅದೇ ತಿಜೋರಿಯಲ್ಲಿ ಬೇಡ. ಬೇರೆ ಚಿಕ್ಕ ಪೆಟ್ಟಿಗೆ, ಬೇರೆ ಬೀಗ, ಬೇರೆ ಕೀ. ಡ್ಯೂಟಿ ಮುಗಿಸಿ ಬಂದಾಗ ಬಂದೂಕು ಖಾಲಿ ಮಾಡುವುದು, ಕಣ್ಣಲ್ಲಿ ನೋಡುವುದು, ಬೆರಳು ಹಾಕಿ ನೋಡುವುದು. ಮಿಲಿಟರಿಯವರಿಗೆ ಇದನ್ನು ನಾನು ಕಲಿಸಬೇಕಿಲ್ಲ. ಆದರೆ ಚಪ್ಪಲಿ ಬಿಟ್ಟು ಒಳಗೆ ಬಂದ ಮೇಲೆ ಎಲ್ಲರೂ ಸಿವಿಲಿಯನ್ನೇ. ಮನೆಯಲ್ಲಿ ಭದ್ರವಾಗಿ ಇಡುತ್ತೇನೆ ಅಂತ ಲೈಸೆನ್ಸ್ ತೆಗೆದುಕೊಳ್ಳುವಾಗ ಬರೆದುಕೊಟ್ಟಿರುತ್ತಾರೆ. ಅದನ್ನೂ ಒಮ್ಮೆ ನೆನಪು ಮಾಡು.

ಈಗ ತುಕ್ಕು. ನಿಮ್ಮದು ಬೆಂಕಿ ತಡೆಯುವ ತಿಜೋರಿ ಅಲ್ವಾ? ಆ ಗೋಡೆಯೊಳಗೆ ತುಂಬುವ ಮಾಲಿನಲ್ಲಿ ಜಿಪ್ಸಂ ಇದ್ದರೆ, ಜಿಪ್ಸಂ ತೂಕದಲ್ಲಿ ಐದನೇ ಒಂದು ಭಾಗ ನೀರೇ. ಬೆಂಕಿ ಬಿದ್ದಾಗ ಆ ನೀರು ಹಬೆಯಾಗಿ ಒಳಗಿನ ಕಾಗದ ಉಳಿಸುತ್ತದೆ. ಕಾಗದಕ್ಕೆ ಒಳ್ಳೆಯದು, ಕಬ್ಬಿಣಕ್ಕಲ್ಲ. ಇಂಥ ಪೆಟ್ಟಿಗೆಯ ಒಳಗಿನ ಗಾಳಿ ಹೊರಗೆ ಎಷ್ಟೇ ಬಿಸಿಲಿದ್ದರೂ ಸ್ವಲ್ಪ ತೇವವಾಗಿಯೇ ಇರುತ್ತದೆ. ಬಾಗಿಲು ಗಟ್ಟಿಯಾಗಿ ಮುಚ್ಚುವುದರಿಂದ ಆ ತೇವ ಹೊರಗೂ ಹೋಗಲ್ಲ.

ಬಂದೂಕನ್ನು ಚರ್ಮದ ಅಥವಾ ಕ್ಯಾನ್ವಾಸ್ ಚೀಲದಲ್ಲೇ ಒಳಗೆ ಇಡುತ್ತೀರಾ? ಚೀಲ ತೆಗೆಯಿರಿ. ಬ್ಯಾಂಕಿಗೆ ಬಸ್ಸಿನಲ್ಲಿ ಹೋಗಿ ಬಂದ ಬೆವರು, ಮಳೆ ಎಲ್ಲವನ್ನೂ ಆ ಚೀಲ ಕುಡಿದಿರುತ್ತದೆ. ಸಂಜೆ ಅದನ್ನು ನಳಿಕೆಗೆ ಸುತ್ತಿ ಮುಚ್ಚಿದರೆ ಒದ್ದೆ ಬಟ್ಟೆ ಸುತ್ತಿದಂತೆ.

ಇನ್ನು ಆಯುಧ ಪೂಜೆ. ಬೈಯಬೇಡ ತಂಗೀ. ಹಬ್ಬ ಆದ ಮೇಲೆ ನನ್ನ ಹತ್ತಿರ ಬರುತ್ತಿದ್ದ ತುಕ್ಕಿನ ಪುಕಾರುಗಳಿಗೆ ಲೆಕ್ಕವಿಲ್ಲ. ನಳಿಕೆಗೆ ಅರಿಶಿನ, ಕುಂಕುಮ, ಒದ್ದೆ ಗಂಧ, ಮೇಲೆ ನೀರು ಚಿಮುಕಿಸಿದ ಸೇವಂತಿಗೆ, ಪಕ್ಕದಲ್ಲಿ ಕೊಯ್ದ ನಿಂಬೆಹಣ್ಣು. ನಿಂಬೆ ಹುಳಿ ಸಾಕು ಕಬ್ಬಿಣ ತಿನ್ನಲು. ಪೂಜೆ ಮಾಡಿ, ಬೇಡ ಅನ್ನಲ್ಲ. ಕುಂಕುಮವನ್ನು ಮರದ ದಿಂಡಿಗೆ ಹಚ್ಚಿ, ನಿಂಬೆಹಣ್ಣನ್ನು ಬಂದೂಕಿನ ಮೇಲೆ ಕೊಯ್ಯಬೇಡಿ, ಹೂವು ಒಣಗಿದ್ದಿರಲಿ. ಅವತ್ತೇ ಸಂಜೆ ಒರೆಸಿ ಎಣ್ಣೆ ಹಚ್ಚಿ. ಮಾರನೇ ದಿನ ತನಕ ದೇವರ ಮುಂದೆ ಇರಲಿ ಅನ್ನುವುದು ಬೇಡ, ಮಗನ ವಿಷಯ ಈಗಷ್ಟೇ ಮಾತಾಡಿದ್ದೇವೆ.

ಎಣ್ಣೆ ಅಂದರೆ ಹೊಲಿಗೆ ಮಿಷನ್ ಎಣ್ಣೆಯಂಥ ತೆಳ್ಳಗಿನದು. ಹತ್ತಿ ಬಟ್ಟೆಯಲ್ಲಿ ಎರಡು ಹನಿ, ನಳಿಕೆ ಪೂರ್ತಿ ತೀಡಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಬೆವರಿನಲ್ಲಿ ಉಪ್ಪಿದೆ. ಸರಿಯಾಗಿ ನೋಡಿದರೆ ತುಕ್ಕಿನ ಚುಕ್ಕೆಗಳಲ್ಲಿ ಬೆರಳ ಗುರುತೇ ಕಾಣುತ್ತದೆ. ಬಂದೂಕನ್ನು ನಳಿಕೆಯ ಬಾಯಿ ಕೆಳಗೆ ಮಾಡಿ ಮೆತ್ತನೆ ಬಟ್ಟೆಯ ಮೇಲೆ ನಿಲ್ಲಿಸಿ. ಎಣ್ಣೆ ಇಳಿದು ಮರಕ್ಕೆ ಹೋಗಲ್ಲ.

ತೇವ ಹೀರಲು ಸಿಲಿಕಾ ಜೆಲ್ ಹರಳು ಇಡಿ. ಕೇಸರಿ ಬಣ್ಣದ್ದು ತನ್ನಿ. ಹೀರಿ ಹೀರಿ ಹಸಿರಾಗುತ್ತದೆ. ಆಗ ಹಳೇ ತವಾದ ಮೇಲೆ ಸಣ್ಣ ಉರಿಯಲ್ಲಿ, 110ರಿಂದ 120 ಡಿಗ್ರಿ ಒಳಗೆ, ಮತ್ತೆ ಕೇಸರಿ ಆಗುವವರೆಗೆ ಕೈಯಾಡಿಸಿ. ಮತ್ತೆ ಬಳಸಬಹುದು. ನೀಲಿ ಇದ್ದು ಗುಲಾಬಿ ಆಗುವ ಹರಳು ಬೇಡ, ಅದರಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆ ಮನೆಗೆ ಬರಬಾರದ್ದು. ಗಾಳಿಯ ತೇವ ತೋರಿಸುವ ಚಿಕ್ಕ ಮೀಟರ್ ಒಂದನ್ನು ಒಳಗಿಡಿ. 50ರ ಆಸುಪಾಸು ಇದ್ದರೆ ಸರಿ, 60 ದಾಟಿದರೆ ಹರಳು ಬಿಸಿ ಮಾಡುವ ಸಮಯ. ನುಸಿಗುಳಿಗೆ ಹುಳಕ್ಕೆ, ತೇವಕ್ಕಲ್ಲ. ಉಪ್ಪಿನ ಗಂಟು ಇಡುವವರನ್ನೂ ನೋಡಿದ್ದೇನೆ. ತೇವ ಹೀರುತ್ತದೆ ನಿಜ, ಆಮೇಲೆ ಆ ಉಪ್ಪುನೀರು ತಿಜೋರಿ ತಳವನ್ನೇ ತಿನ್ನುತ್ತದೆ.

ಗೋದ್ರೇಜ್ ಬೀರು ಇದೆ. ಬಂದೂಕು ಅದರಲ್ಲೇ ಇಟ್ಟರೆ ಸಾಲದೇ?
— ಮೆಕ್ಕೆಜೋಳ ಬೆಳೆಗಾರರು, ದಾವಣಗೆರೆ ತಾಲ್ಲೂಕು

ನಿಮ್ಮದು ನಿಜವಾಗಿ ಗೋದ್ರೇಜ್ ಹೌದೋ ನೋಡಿ. 1897ರಲ್ಲಿ ಬೀಗ ಮಾಡುತ್ತಾ ಶುರುವಾದ ಕಂಪನಿ ಅದು. ದೇಶದ ಮೊದಲ ಸಾರ್ವತ್ರಿಕ ಚುನಾವಣೆಗೆ ಮತಪೆಟ್ಟಿಗೆ ಮಾಡಿಕೊಟ್ಟವರಲ್ಲಿ ಅವರೂ ಒಬ್ಬರು. ಆದರೆ ನಮ್ಮ ಕಡೆ ಪಕ್ಕದ ಬೀದಿಯಲ್ಲಿ ವೆಲ್ಡಿಂಗ್ ಮಾಡಿದ ಬೀರುವೂ ಗೋದ್ರೇಜ್ ಬೀರುವೇ. ಯಾವುದೇ ಇರಲಿ, ಬಟ್ಟೆಯ ಬೀರುವಿನ ತಗಡು ಒಂದು ಮಿಲಿಮೀಟರ್ ಆಸುಪಾಸು. ಒಂದು ಹಾರೆ, ಎರಡು ನಿಮಿಷ. ಅದಕ್ಕಿಂತ ದೊಡ್ಡ ಮಾತು, ಬೀರುವನ್ನು ದಿನಕ್ಕೆ ಹತ್ತು ಸಲ ಮನೆಯವರೆಲ್ಲ ತೆಗೆಯುತ್ತಾರೆ. ಸಾಲದು.

80 ಕೆ.ಜಿ.ಯ ಹೊಸ ಗನ್ ಸೇಫ್ ತಂದಿದ್ದೇನೆ. ನೆಲಕ್ಕೆ ಬೋಲ್ಟ್ ಹಾಕಲು ಹೋದರೆ ಮನೆಯಾಕೆ ಗ್ರಾನೈಟ್ ಹಾಳಾಗುತ್ತದೆ ಅಂತ ಬಿಡುತ್ತಿಲ್ಲ. ಇಷ್ಟು ಭಾರ ಇದ್ದ ಮೇಲೆ ಬೋಲ್ಟ್ ಬೇಕೇ?
— ಒಬ್ಬರು ಓದುಗರು, ವಿದ್ಯಾನಗರ, ದಾವಣಗೆರೆ

ಸ್ವಾಮಿ, ಒಂದು ಬೆಳಿಗ್ಗೆ ಎಪಿಎಂಸಿ ಯಾರ್ಡಿಗೆ ಹೋಗಿ ಬನ್ನಿ. ಕ್ವಿಂಟಾಲ್ ಚೀಲವನ್ನು ಒಬ್ಬನೇ ಹಮಾಲ ಬೆನ್ನ ಮೇಲೆ ಹಾಕಿಕೊಂಡು ಲಾರಿ ಹಲಗೆ ಹತ್ತಿದ್ದನ್ನು ನಾನು ದಿನಾ ನೋಡಿ ಬೆಳೆದವನು. ನಿಮ್ಮ 80 ಕೆ.ಜಿ. ಇಬ್ಬರು ಕಳ್ಳರಿಗೆ ಸಾಮಾನಷ್ಟೇ. ಮನೆಯಲ್ಲಿ ನಿಧಾನವಾಗಿ ತೆಗೆಯುವುದೇಕೆ, ಹೊತ್ತುಕೊಂಡು ಹೋಗಿ ತೋಟದಲ್ಲಿ ಒಡೆಯುತ್ತಾರೆ. ಬೋಲ್ಟ್ ಬೇಕೇ ಬೇಕು.

ಗ್ರಾನೈಟಿಗೆ ಮೊದಲು ಡೈಮಂಡ್ ಬಿಟ್ ಹಾಕಿ, ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ, ನೀರು ಬಿಡುತ್ತಾ ತೂತು ಮಾಡಿಸಿ. ಕಲ್ಲು ದಾಟಿದ ಮೇಲೆ ಕಾಂಕ್ರೀಟಿಗೆ ಹ್ಯಾಮರ್. ತೂತಿನ ಧೂಳನ್ನು ಪೂರ್ತಿ ತೆಗೆಯದಿದ್ದರೆ ಬೋಲ್ಟ್ ಹಿಡಿಯಲ್ಲ. ಕೆಳಗೆ ನೀರಿನ ಪೈಪು, ವೈರಿನ ಪೈಪು ಹೋಗಿದೆಯೇ ಅಂತ ಮೊದಲೇ ವಿಚಾರಿಸಿ. ಬೋಲ್ಟಿನ ತಲೆ ಸೇಫಿನ ಒಳಗಡೆ ಬರಬೇಕು. ಹೊರಗಿದ್ದರೆ ಸ್ಪ್ಯಾನರ್ ಇದ್ದವನದೇ ಸೇಫ್. ಕೆಳಗೆ ರಬ್ಬರ್ ಹಾಳೆ ಕೊಡಿ. ನೆಲ ಒರೆಸಿದ ನೀರು ತಳಕ್ಕೆ ಹೋಗಿ ನಿಲ್ಲುವುದು ಯಾರಿಗೂ ಕಾಣಲ್ಲ. ಮನೆಯಾಕೆಗೆ ಹೇಳಿ: ತೂತು ಸೇಫಿನ ಅಡಿಯಲ್ಲಿ ಇರುತ್ತದೆ, ಯಾರೂ ನೋಡಲ್ಲ.

ನಂಬರ್ ಒತ್ತಿದರೆ ಪೀಂ ಪೀಂ ಅನ್ನುತ್ತದೆ, ತೆಗೆಯುವುದಿಲ್ಲ. — ಹರಿಹರ
ಕೀ ತಿರುಗಿಸಲು ಬಿಗಿ. ಕೊಬ್ಬರಿ ಎಣ್ಣೆ ಬಿಟ್ಟರೂ ಚಳಿಗಾಲದಲ್ಲಿ ಇನ್ನೂ ಬಿಗಿ. — ಜಗಳೂರು

ಹರಿಹರದವರಿಗೆ: ಹತ್ತಕ್ಕೆ ಒಂಬತ್ತು ಸಲ ಸೆಲ್ಲು ಮುಗಿದಿರುತ್ತದೆ. ಸೆಲ್ಲಿನ ಡಬ್ಬಿ ಹೊರಗಿದ್ದರೆ ಬದಲಿಸಿ, ಇಲ್ಲದಿದ್ದರೆ ಕೀಪ್ಯಾಡಿನ ಅಂಚಿನಲ್ಲಿ ಎರಡು ಲೋಹದ ಚುಕ್ಕೆ ಹುಡುಕಿ. 9 ವೋಲ್ಟ್ ಬ್ಯಾಟರಿ ಒತ್ತಿಹಿಡಿಯಲು ಕೊಟ್ಟ ಜಾಗ ಅದು. ಆಲ್ಕಲೈನ್ ಸೆಲ್ಲೇ ಹಾಕಿ, ಗೋಡೆ ಗಡಿಯಾರದ ಮಾಮೂಲಿ ಸೆಲ್ಲು ಸಾಲದು. ವರ್ಷಕ್ಕೊಮ್ಮೆ ಬದಲಿಸಿ. ಅಂಗಡಿಯಿಂದ ಬಂದಾಗಿನ ನಂಬರೇ ಇನ್ನೂ ಇದ್ದರೆ ಅದನ್ನೂ ಬದಲಿಸಿ. ತುರ್ತಿಗೆ ಅಂತ ಕೊಟ್ಟ ಕೀ ಎಲ್ಲಿದೆ? ಸೇಫಿನೊಳಗೆ ತಾನೇ?

ಜಗಳೂರಿನವರಿಗೆ: ಕೊಬ್ಬರಿ ಎಣ್ಣೆ 24 ಡಿಗ್ರಿ ಕೆಳಗೆ ಗಟ್ಟಿಯಾಗುತ್ತದೆ. ನಿಮ್ಮ ಊರಿನ ಡಿಸೆಂಬರ್ ಬೆಳಗ್ಗೆ ಬೀಗದೊಳಗೆ ಬೆಣ್ಣೆ ತುಂಬಿದ ಹಾಗೆ. ಬೆಣ್ಣೆ ದೋಸೆಗೆ ಮಾತ್ರ ಚೆಂದ. ಧೂಳು ಬೇರೆ ಅದಕ್ಕೆ ಅಂಟಿರುತ್ತದೆ. ಬಲ ಹಾಕಿ ತಿರುಗಿಸಬೇಡಿ, ಕೀ ಒಳಗೇ ಮುರಿದರೆ ಖರ್ಚು ನಾಲ್ಕು ಪಟ್ಟು. ಬೀಗದವರನ್ನು ಕರೆಸಿ ಬಿಚ್ಚಿ ತೊಳೆಸಿ. ಆಮೇಲೆ ಗ್ರಾಫೈಟ್ ಪುಡಿ ಸ್ವಲ್ಪ ಊದಿ, ಅಷ್ಟೇ. ಸಿಗದಿದ್ದರೆ ಪೆನ್ಸಿಲ್ ಕಡ್ಡಿಯನ್ನು ಕೀ ಹಲ್ಲಿಗೆ ತಿಕ್ಕಿ ನಾಲ್ಕು ಸಲ ತಿರುಗಿಸಿ.

ಚುನಾವಣೆ ಬಂತೆಂದರೆ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು. ವಾಪಸ್ ಬಂದ ಮೇಲೆ ನೇರ ತಿಜೋರಿಗೆ ಇಡಬಹುದೇ?
— ಒಬ್ಬ ರೈತ, ಹೊಸದುರ್ಗ

ಇಡಬೇಡಿ. ಅಲ್ಲಿ ಹತ್ತಾರು ಬಂದೂಕುಗಳ ಜೊತೆ ವಾರಗಟ್ಟಲೆ ಒರಗಿ ನಿಂತು ಬಂದಿರುತ್ತದೆ. ಕೊಡುವ ಮೊದಲೇ ಎಣ್ಣೆ ಸ್ವಲ್ಪ ಜಾಸ್ತಿ ಹಚ್ಚಿ ಕೊಡಿ. ವಾಪಸ್ ತೆಗೆದುಕೊಳ್ಳುವಾಗ ಬಂದೂಕಿನ ಮೇಲಿನ ನಂಬರು, ರಸೀದಿಯ ನಂಬರು, ಲೈಸೆನ್ಸ್ ಪುಸ್ತಕದ ನಂಬರು ಮೂರನ್ನೂ ಅಲ್ಲೇ ನಿಂತು ಹೋಲಿಸಿ. ಮನೆಗೆ ತಂದು, ಖಾಲಿ ಇದೆಯೇ ನೋಡಿ, ನಳಿಕೆಯೊಳಗೆ ಒಣ ಬಟ್ಟೆ ತೂರಿಸಿ ಒರೆಸಿ, ಎಣ್ಣೆ ಹಚ್ಚಿ, ಆಮೇಲೆ ಇಡಿ. ಲೈಸೆನ್ಸ್ ನವೀಕರಣದ ತಾರೀಖನ್ನೂ ಅವತ್ತೇ ನೋಡಿಬಿಡಿ. ಈಗ ಐದು ವರ್ಷಕ್ಕೊಮ್ಮೆ ಆದ್ದರಿಂದ ಮರೆಯುವವರು ಜಾಸ್ತಿ. ರಸೀದಿಯ ಒಂದು ಫೋಟೋ ಮೊಬೈಲಿನಲ್ಲಿ ಇರಲಿ. ಎಷ್ಟೋ ಜನ ಮೂಲ ರಸೀದಿಯನ್ನು ಖಾಲಿ ತಿಜೋರಿಯಲ್ಲಿಟ್ಟು, ಕೀ ಎಲ್ಲಿಟ್ಟೆ ಅಂತ ನನಗೆ ಫೋನ್ ಮಾಡುತ್ತಾರೆ.